ರೂಸ್‌ವೆಲ್ಟ್ ಅವರ ಹೃದಯ: ಇಳಿಸಲಾಗದ ರಕ್ತದೊತ್ತಡದ ಒಂದು ಪ್ರಕರಣ

1944ರ ಮಾರ್ಚ್ ಕೊನೆಯ ವಾರ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ವಾಷಿಂಗ್ಟನ್ ಹತ್ತಿರದ ಬೆಥೆಸ್ಡಾ ನೌಕಾಪಡೆ ಆಸ್ಪತ್ರೆಗೆ ತಪಾಸಣೆಗೆ ಕರೆತಂದರು. ಆಗ ಅವರಿಗೆ 62 ವರ್ಷ. ಹಿಂದಿನ ಡಿಸೆಂಬರಿನಲ್ಲಿ ಟೆಹರಾನ್ ಸಮ್ಮೇಳನ ಮುಗಿಸಿ ಬಂದ ಮೇಲೆ ಫ್ಲೂ ಹಿಡಿದಿತ್ತು. ಜ್ವರ ಬಿಟ್ಟರೂ ಕೆಮ್ಮು ಬಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೇ ಆಯಾಸ, ಕಾಗದ ಓದುತ್ತಲೇ ತೂಕಡಿಕೆ, ಮುಖದಲ್ಲಿ ಕಳೆಯಿಲ್ಲ. ಅವರ ಖಾಸಗಿ ವೈದ್ಯ ರಾಸ್ ಮೆಕಿಂಟೈರ್ ಕಿವಿ, ಮೂಗು, ಗಂಟಲಿನ ತಜ್ಞರು. ಇದು ಶ್ವಾಸನಾಳದ ಸೋಂಕು ಎಂದೇ ನೋಡುತ್ತಿದ್ದರು. ಮಗಳು ಆನಾ ಪಟ್ಟು ಹಿಡಿದದ್ದರಿಂದ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂಯೆನ್ ಅವರ ಕೈಗೆ ಈ ರೋಗಿ ಬಂದರು.

ರೂಸ್‌ವೆಲ್ಟ್ ತೀರಿಕೊಂಡ ಮೇಲೆ ಆಸ್ಪತ್ರೆಯ ಮೂಲ ಕಡತ ಕಾಣೆಯಾಯಿತು. ಶವಪರೀಕ್ಷೆಯೂ ನಡೆಯಲಿಲ್ಲ. ಬ್ರೂಯೆನ್ ತಮ್ಮ ಬಳಿಯಿದ್ದ ಟಿಪ್ಪಣಿಗಳನ್ನು 1970ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದರಿಂದ ನಮಗೆ ಅಂಕಿಅಂಶ ಸಿಕ್ಕಿವೆ. ಔಷಧವಿಲ್ಲದ ಕಾಲದಲ್ಲಿ ಏರು ರಕ್ತದೊತ್ತಡ ಒಂದು ಹೃದಯವನ್ನು ಹೇಗೆ ಹಂತಹಂತವಾಗಿ ಕೆಡಿಸುತ್ತದೆ ಎಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ.

ಆರು ವರ್ಷದ ಅಂಕಿಗಳು

1935ರಲ್ಲಿ ಅವರ ರಕ್ತದೊತ್ತಡ 136/78. 1937ರಲ್ಲಿ 162/98. 1940ರಲ್ಲಿ 178/88. 1941ರ ಫೆಬ್ರವರಿಯಲ್ಲಿ 188/105.

ಇವನ್ನು ಬಿಡಿಬಿಡಿಯಾಗಿ ನೋಡಿದರೆ "ಸ್ವಲ್ಪ ಜಾಸ್ತಿಯಾಗಿದೆ" ಅನಿಸಬಹುದು. ಹೃದಯದ ಕಡೆಯಿಂದ ನೋಡಬೇಕು. ಕೆಳಗಿನ ಅಂಕಿಗೆ, ಎರಡರ ನಡುವಿನ ವ್ಯತ್ಯಾಸದ ಮೂರನೇ ಒಂದು ಭಾಗ ಸೇರಿಸಿದರೆ ಸರಾಸರಿ ಒತ್ತಡ ಸಿಗುತ್ತದೆ. 1935ರಲ್ಲಿ ಅದು ಸುಮಾರು 97 ಇತ್ತು, 1941ಕ್ಕೆ 133 ಆಯಿತು. ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿಕೆ. ನಿಮಿಷಕ್ಕೆ 72 ಬಾರಿ ಬಡಿಯುವ ಹೃದಯ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಬಡಿಯುತ್ತದೆ. ಆ ಪ್ರತಿ ಬಡಿತದಲ್ಲೂ ಎಡ ಹೃತ್ಕುಕ್ಷಿ (ದೇಹಕ್ಕೆ ರಕ್ತ ತಳ್ಳುವ ಹೃದಯದ ಕೋಣೆ) ಈ ಹೆಚ್ಚುವರಿ ಒತ್ತಡಕ್ಕೆ ಎದುರಾಗಿಯೇ ಮಹಾಪಧಮನಿಯ ಕವಾಟ ತೆರೆದು ರಕ್ತ ಹೊರಹಾಕಬೇಕು.

ಹೃದಯದ ಗೋಡೆಯ ಮೇಲೆ ಬೀಳುವ ಸೆಳೆತ ಮೂರು ಸಂಗತಿಗಳನ್ನು ಅವಲಂಬಿಸಿದೆ: ಒಳಗಿನ ಒತ್ತಡ, ಕೋಣೆಯ ಅಗಲ, ಗೋಡೆಯ ದಪ್ಪ. ಒತ್ತಡ ಅಥವಾ ಅಗಲ ಹೆಚ್ಚಿದರೆ ಸೆಳೆತ ಹೆಚ್ಚುತ್ತದೆ, ಗೋಡೆ ದಪ್ಪಗಾದರೆ ಇಳಿಯುತ್ತದೆ. ಆದ್ದರಿಂದ ಒತ್ತಡ 1.4 ಪಟ್ಟು ಆದರೆ, ಸೆಳೆತ ಮೊದಲಿನಷ್ಟೇ ಇರಲು 10 ಮಿಲಿಮೀಟರ್ ಗೋಡೆ ಸುಮಾರು 14 ಮಿಲಿಮೀಟರ್ ಆಗಬೇಕು. ಸ್ನಾಯುಕೋಶಗಳು ಇದನ್ನೇ ಮಾಡುತ್ತವೆ. ಅವುಗಳ ಸಂಖ್ಯೆ ಹೆಚ್ಚುವುದಿಲ್ಲ, ಒಂದೊಂದೂ ದಪ್ಪಗಾಗುತ್ತದೆ. ಕೋಣೆಯ ಒಳ ಅಳತೆ ಅಷ್ಟೇ ಇದ್ದು ಅಥವಾ ಕಿರಿದಾಗಿ, ಗೋಡೆ ಮಾತ್ರ ಒಳಮುಖವಾಗಿ ಬೆಳೆಯುತ್ತದೆ.

ಮೊದಮೊದಲು ಇದರಿಂದ ತೊಂದರೆ ಕಾಣುವುದಿಲ್ಲ. ಪಂಪ್ ಮಾಡುವ ಶಕ್ತಿ ಚೆನ್ನಾಗಿಯೇ ಇರುತ್ತದೆ. ಆದರೆ ಗರಡಿಯಲ್ಲಿ ಸಾಮು ಮಾಡಿದ ತೋಳಿಗೆ ರಾತ್ರಿ ವಿಶ್ರಾಂತಿಯಿದೆ, ಈ ಸ್ನಾಯುವಿಗೆ ಇಲ್ಲ. ಕೋಶಗಳ ನಡುವೆ ಕೊಲ್ಲಾಜೆನ್ ನಾರು ತುಂಬಿಕೊಳ್ಳುತ್ತದೆ. ಆಂಜಿಯೋಟೆನ್ಸಿನ್, ಆಲ್ಡೋಸ್ಟಿರೋನ್ ಎಂಬ ಹಾರ್ಮೋನುಗಳು ಆ ನಾರನ್ನು ಇನ್ನಷ್ಟು ಬೆಳೆಸುತ್ತವೆ. ಗೋಡೆ ಬಿರುಸಾಗಿ, ಬಡಿತಗಳ ನಡುವೆ ಸಲೀಸಾಗಿ ಸಡಿಲಗೊಳ್ಳುವುದಿಲ್ಲ. ಅಷ್ಟೇ ರಕ್ತ ತುಂಬಿಸಲು ಅದರ ಮೇಲಿನ ಕೋಣೆಯಾದ ಎಡ ಹೃತ್ಕರ್ಣ ಹೆಚ್ಚು ಒತ್ತಡ ಹಾಕಬೇಕು. ಹೀಗೆ ಹೃತ್ಕರ್ಣ ಹಿಗ್ಗುತ್ತದೆ, ಹಿಂದಿನ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಸಂಕೋಚನ ಸರಿಯಿದ್ದರೂ ಉಸಿರು ಕಟ್ಟಲು ಇಷ್ಟು ಸಾಕು. ಏರು ರಕ್ತದೊತ್ತಡದವರಲ್ಲಿ ಹೃದಯ ವೈಫಲ್ಯ ಎಷ್ಟೋ ಸಲ ಈ ಬಾಗಿಲಿನಿಂದಲೇ ಒಳಬರುತ್ತದೆ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ "ಇಎಫ್ 60", ಅಂದರೆ ಪ್ರತಿ ಬಡಿತಕ್ಕೆ ಹೃತ್ಕುಕ್ಷಿಯ ಶೇಕಡ 60ರಷ್ಟು ರಕ್ತ ಹೊರಹೋಗುತ್ತಿದೆ ಎಂದು ಓದಿ ನಿಶ್ಚಿಂತರಾಗುವವರು ಅದೇ ವರದಿಯಲ್ಲಿ ಗೋಡೆಯ ದಪ್ಪ, ಎಡ ಹೃತ್ಕರ್ಣದ ಅಳತೆ, ಸಡಿಲಗೊಳ್ಳುವಿಕೆಯ ಸಾಲುಗಳನ್ನೂ ಓದಬೇಕು.

ಇನ್ನೊಂದು ನಷ್ಟ ರಕ್ತಪೂರೈಕೆಯದು. ಸ್ನಾಯು ದಪ್ಪಗಾದಷ್ಟು ಅದರೊಳಗಿನ ಸೂಕ್ಷ್ಮ ರಕ್ತನಾಳಗಳು ಬೆಳೆಯುವುದಿಲ್ಲ. ಎಡ ಹೃತ್ಕುಕ್ಷಿಗೆ ರಕ್ತ ಹರಿಯುವುದು ಬಹುಪಾಲು ಅದು ಸಡಿಲಗೊಂಡಾಗ. ಆಗಲೇ ಒಳಗಿನ ಒತ್ತಡ ಹೆಚ್ಚಿದ್ದರೆ ಗೋಡೆಯ ಒಳಪದರ ಒತ್ತಿಹೋಗಿ ಅಲ್ಲಿಗೆ ರಕ್ತ ಸಾಲುವುದಿಲ್ಲ. ದೊಡ್ಡ ಹೃದಯನಾಳಗಳಲ್ಲಿ ಅಡಚಣೆ ಇಲ್ಲದಿದ್ದರೂ ಒಳಪದರ ಹಸಿವಿನಲ್ಲಿರುತ್ತದೆ.

ರೂಸ್‌ವೆಲ್ಟ್ ವಿಷಯದಲ್ಲಿ ಇದರ ಮೇಲೆ ಮತ್ತೊಂದು ಪೆಟ್ಟು ಬಿತ್ತು. 188/105 ದಾಖಲಾದ ಮೂರು ತಿಂಗಳಿಗೆ, 1941ರ ಮೇ ತಿಂಗಳಲ್ಲಿ, ಮೂಲವ್ಯಾಧಿಯ ರಕ್ತಸ್ರಾವದಿಂದ ಹಿಮೋಗ್ಲೋಬಿನ್ 4.5ಕ್ಕೆ ಇಳಿದಿತ್ತು. ಅಷ್ಟು ರಕ್ತಹೀನತೆಯಲ್ಲಿ ದೇಹಕ್ಕೆ ಆಮ್ಲಜನಕ ಮುಟ್ಟಿಸಲು ಹೃದಯ ಹೆಚ್ಚು ರಕ್ತ ಪಂಪ್ ಮಾಡಬೇಕು, ಆದರೆ ಅದರ ಸ್ವಂತ ಸ್ನಾಯುವಿಗೆ ಬರುವ ರಕ್ತದಲ್ಲೂ ಆಮ್ಲಜನಕ ಕಡಿಮೆ. ಕಬ್ಬಿಣದ ಔಷಧ ಕೊಟ್ಟು ಹಿಮೋಗ್ಲೋಬಿನ್ ಸರಿಪಡಿಸಿದರು. ಒತ್ತಡ ಹಾಗೆಯೇ ಉಳಿಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. 1921ರಲ್ಲಿ ಬಂದ, ಪೋಲಿಯೋ ಎಂದು ಗುರುತಿಸಿದ ಕಾಯಿಲೆಯಿಂದ ಅವರ ಕಾಲುಗಳು ಸ್ವಾಧೀನ ತಪ್ಪಿದ್ದವು. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಹೃದಯ ಕೊಡುವ ಮೊದಲ ಎಚ್ಚರಿಕೆ. ಗಾಲಿಕುರ್ಚಿಯಲ್ಲಿ ಕೂತವರು ಮೆಟ್ಟಿಲನ್ನೇ ಹತ್ತುವುದಿಲ್ಲ. ಮಂಡಿನೋವಿನಿಂದ ಮನೆಯಲ್ಲೇ ಉಳಿಯುವ ನಮ್ಮ ಹಿರಿಯರಲ್ಲೂ ಹೀಗೇ ಆಗುತ್ತದೆ. "ನಡೆದರೆ ದಮ್ಮು ಬರುತ್ತದಾ" ಎಂಬ ಪ್ರಶ್ನೆಗೆ ಅವರು "ಇಲ್ಲ" ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ರಾತ್ರಿ ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ, ಮಲಗಿದ ಮೇಲೆ ಕೆಮ್ಮು ಬರುತ್ತದೆಯೇ, ನಡುರಾತ್ರಿ ಉಸಿರಿಗಾಗಿ ಎದ್ದು ಕೂರುತ್ತೀರಾ ಎಂದು ಕೇಳಬೇಕು.

ಬೆಥೆಸ್ಡಾದಲ್ಲಿ ಕಂಡದ್ದು

ಬ್ರೂಯೆನ್ ಅಳೆದಾಗ ಒತ್ತಡ 186/108, ನಾಡಿ 72, ಉಸಿರಾಟ ನಿಮಿಷಕ್ಕೆ 24. ತುಟಿ, ಉಗುರಿನ ಬುಡ ನೀಲಿಗಟ್ಟಿದ್ದವು. ಪರೀಕ್ಷೆಯ ಮೇಜಿನ ಮೇಲೆ ಮಗ್ಗುಲು ಬದಲಿಸಿದರೂ ಏದುಸಿರು.

ಎದೆಯ ಮೇಲೆ ಕೈಯಿಟ್ಟಾಗ ಹೃದಯದ ತುದಿಯ ಮಿಡಿತ ಇರಬೇಕಾದ ಜಾಗದಿಂದ ಎಡಕ್ಕೆ ಸರಿದಿತ್ತು. ಗೋಡೆ ದಪ್ಪಗಾಗುವ ಹಂತ ದಾಟಿ ಕೋಣೆಯೇ ಹಿಗ್ಗಿದೆ ಎಂದು ಇದರಿಂದ ತಿಳಿಯುತ್ತದೆ. ಸ್ಟೆತಾಸ್ಕೋಪಿನಲ್ಲಿ ತುದಿಯ ಬಳಿ ಗಾಳಿ ಊದಿದಂಥ ಮರ್ಮರ ಕೇಳಿಸಿತು. ಹೃತ್ಕುಕ್ಷಿ ಹಿಗ್ಗಿದಾಗ, ಅದಕ್ಕೂ ಎಡ ಹೃತ್ಕರ್ಣಕ್ಕೂ ನಡುವಿನ ಮೈಟ್ರಲ್ ಕವಾಟದ ಎಸಳುಗಳು ಪೂರ್ತಿ ಕೂಡದೆ ರಕ್ತ ಹಿಂದಕ್ಕೆ ಸೋರಿದರೆ ಬರುವ ಸದ್ದು ಇದು. ಮಹಾಪಧಮನಿಯ ಕವಾಟ ಮುಚ್ಚುವ ಎರಡನೆಯ ಸದ್ದು ಜೋರಾಗಿತ್ತು, ಏಕೆಂದರೆ ಹೆಚ್ಚಿನ ಒತ್ತಡ ಕವಾಟವನ್ನು ರಭಸದಿಂದ ಮುಚ್ಚುತ್ತದೆ. ಎರಡೂ ಶ್ವಾಸಕೋಶಗಳ ಬುಡದಲ್ಲಿ ಚರಚರ ಸದ್ದು: ಗಾಳಿಗೂಡುಗಳಿಗೆ ನೀರು ಇಳಿದಿದೆ. ತಿಂಗಳುಗಟ್ಟಲೆ ಕಾಡಿದ ಕೆಮ್ಮಿಗೆ ಇದೂ ಒಂದು ಮುಖ್ಯ ಕಾರಣ.

ಎಕ್ಸ್‌ರೇಯಲ್ಲಿ ಹೃದಯದ ನೆರಳು ದೊಡ್ಡದಾಗಿತ್ತು, ಮುಖ್ಯವಾಗಿ ಎಡ ಹೃತ್ಕುಕ್ಷಿಯ ಕಡೆ. ಮಹಾಪಧಮನಿ ಹಿಗ್ಗಿ ಸುರುಳಿಯಾಗಿತ್ತು. ಇಸಿಜಿಯಲ್ಲಿ ಮೊದಲ ಲೀಡ್ ಮತ್ತು ಎದೆಯ ಎಡಭಾಗದ ಲೀಡಿನಲ್ಲಿ ಟಿ ಅಲೆ ತಲೆಕೆಳಗಾಗಿತ್ತು. ದಪ್ಪಗಾಗಿ ರಕ್ತ ಸಾಲದ ಎಡ ಹೃತ್ಕುಕ್ಷಿಯ ಗುರುತು ಇದು. ಇಂದು ಇದನ್ನು "ಸ್ಟ್ರೇನ್" ಎನ್ನುತ್ತೇವೆ. ಇಸಿಜಿಯಲ್ಲಿ ಸ್ಟ್ರೇನ್ ಕಂಡವರಿಗೆ ಬರಿ ಅಲೆಗಳ ಎತ್ತರ ಹೆಚ್ಚಿದವರಿಗಿಂತ ಅಪಾಯ ಹೆಚ್ಚು. ಮೂತ್ರದಲ್ಲಿ ಪ್ರೋಟೀನ್ ಕೂಡ ಹೋಗುತ್ತಿತ್ತು, ಅಂದರೆ ಮೂತ್ರಪಿಂಡಕ್ಕೂ ಹಾನಿ ತಟ್ಟಿತ್ತು.

ಬ್ರೂಯೆನ್ ಬರೆದ ರೋಗನಿರ್ಣಯ: ಏರು ರಕ್ತದೊತ್ತಡ, ಅದರಿಂದಾದ ಹೃದ್ರೋಗ, ಎಡ ಹೃತ್ಕುಕ್ಷಿಯ ವೈಫಲ್ಯ, ಜೊತೆಗೆ ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ). ಅಲ್ಟ್ರಾಸೌಂಡ್ ಎಕೋ ಇಲ್ಲದ ಕಾಲದಲ್ಲಿ ಕೈ, ಕಿವಿ, ಒಂದು ಎಕ್ಸ್‌ರೇ, ಒಂದು ಇಸಿಜಿಯಿಂದ ಕಂಡುಕೊಂಡ ಈ ನಿರ್ಣಯಕ್ಕೆ ಇಂದಿನ ಹೃದ್ರೋಗ ತಜ್ಞರು ಸೇರಿಸಬೇಕಾದದ್ದು ಬಹಳವಿಲ್ಲ.

ಕೊಟ್ಟ ಚಿಕಿತ್ಸೆ, ಕೊಡಲಾಗದ ಚಿಕಿತ್ಸೆ

ಬ್ರೂಯೆನ್ ಕೇಳಿದ್ದು: ಒಂದೆರಡು ವಾರ ಹಾಸಿಗೆಯಲ್ಲಿ ಪೂರ್ಣ ವಿಶ್ರಾಂತಿ, ಹೃದಯಕ್ಕೆ ಬಲ ಕೊಡುವ ಔಷಧ ಡಿಜಿಟಾಲಿಸ್, ಉಪ್ಪು ಕಡಿಮೆ ಮಾಡಿದ ಊಟ, ಕೆಮ್ಮಿಗೆ ಕೊಡೀನ್, ನಿದ್ದೆಗೆ ಶಾಮಕ, ನಿಧಾನವಾಗಿ ತೂಕ ಇಳಿಸುವುದು. ಯುದ್ಧದ ನಡುವೆ ಅಧ್ಯಕ್ಷರನ್ನು ಮಲಗಿಸಲಾಗದು ಎಂದು ಮೆಕಿಂಟೈರ್ ಮೊದಲು ಒಪ್ಪಲಿಲ್ಲ. ಅಟ್ಲಾಂಟಾದ ಜೇಮ್ಸ್ ಪಾಲಿನ್, ಬಾಸ್ಟನ್ನಿನ ಫ್ರಾಂಕ್ ಲೇಹಿ ಅವರನ್ನೂ ಕರೆಸಿ ಚರ್ಚಿಸಿದ ಮೇಲೆ ಡಿಜಿಟಾಲಿಸ್‌ಗೆ ಒಪ್ಪಿಗೆ ಸಿಕ್ಕಿತು. ಐದು ದಿನ ನಿತ್ಯ 0.4 ಗ್ರಾಂ, ಆಮೇಲೆ ನಿತ್ಯ 0.1 ಗ್ರಾಂ. ಇದು ಫಾಕ್ಸ್‌ಗ್ಲವ್ ಗಿಡದ ಎಲೆಯ ಪುಡಿಯ ಲೆಕ್ಕ, ಈಗಿನ ಡಿಗಾಕ್ಸಿನ್ ಮಾತ್ರೆಯದಲ್ಲ. ಡಿಗಾಕ್ಸಿನ್ ಇರುವುದು ಮಿಲಿಗ್ರಾಮಿನ ಕಾಲು ಭಾಗದಲ್ಲಿ, ಎರಡನ್ನೂ ಬೆರೆಸಿ ಓದಬಾರದು. ದಿನಕ್ಕೆ 20ರಿಂದ 30 ಇದ್ದ ಸಿಗರೇಟು ಐದಾರಕ್ಕೆ ಇಳಿಯಿತು. ರಾತ್ರಿ ಹತ್ತು ತಾಸು ನಿದ್ದೆ ಎಂದಾಯಿತು.

ಎರಡು ವಾರದೊಳಗೆ ಫಲ ಕಂಡಿತು. ಶ್ವಾಸಕೋಶದ ಸದ್ದು ಹೋಯಿತು, ಕೆಮ್ಮು ನಿಂತಿತು, ಎಕ್ಸ್‌ರೇಯಲ್ಲಿ ಹೃದಯದ ಗಾತ್ರ ಕಿರಿದಾಯಿತು, ರೋಗಿ ಚೆನ್ನಾಗಿ ನಿದ್ದೆ ಮಾಡಿದರು. ಡಿಜಿಟಾಲಿಸ್ ಹೃದಯಕೋಶದ ಸೋಡಿಯಂ ಪಂಪನ್ನು ತಡೆದು ಒಳಗೆ ಕ್ಯಾಲ್ಸಿಯಂ ಹೆಚ್ಚಿಸುತ್ತದೆ, ಅದರಿಂದ ಸಂಕೋಚನ ಬಲವಾಗುತ್ತದೆ. ಸೋತ ಸ್ನಾಯುವಿಗೆ ಇದು ಊರುಗೋಲು. ರಕ್ತದೊತ್ತಡವನ್ನು ಮಾತ್ರ ಇದು ಇಳಿಸುವುದಿಲ್ಲ. ಏಪ್ರಿಲಿನಲ್ಲಿ ಶ್ವಾಸಕೋಶ ತಿಳಿಯಾಗುತ್ತಿದ್ದಾಗಲೇ ಮೇಲಿನ ಅಂಕಿ 200 ದಾಟುತ್ತಿತ್ತು. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ: ಪಂಪಿಗೆ ಬಲ ಸಿಕ್ಕಿತು, ಅದು ಎದುರಿಸುವ ಒತ್ತಡ ಒಂದಿಷ್ಟೂ ತಗ್ಗಲಿಲ್ಲ.

ಇದು ಬ್ರೂಯೆನ್ ಅವರ ತಪ್ಪಲ್ಲ. ಒತ್ತಡ ಇಳಿಸಲು ದಿನವೂ ನುಂಗಬಹುದಾದ ನಂಬಿಕಸ್ತ ಮಾತ್ರೆ 1944ರಲ್ಲಿ ಇರಲಿಲ್ಲ. ಥಯೋಸಯನೇಟ್ ಇತ್ತು, ಅದರ ವಿಷಕ್ಕೆ ವೈದ್ಯರು ಹೆದರುತ್ತಿದ್ದರು. ರಕ್ತನಾಳಗಳನ್ನು ಬಿಗಿಗೊಳಿಸುವ, ಬೆನ್ನಿನ ಬಳಿಯ ಸಿಂಪಥೆಟಿಕ್ ನರಗಳನ್ನು ಕತ್ತರಿಸುವ ಭಾರಿ ಶಸ್ತ್ರಕ್ರಿಯೆ ಇತ್ತು, ಯುದ್ಧಕಾಲದ ಅಧ್ಯಕ್ಷರಿಗೆ ಅದನ್ನು ಮಾಡುವ ಮಾತೇ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಅನ್ನ, ಹಣ್ಣಿನ ಉಪ್ಪಿಲ್ಲದ ಪಥ್ಯ ಕೊಟ್ಟು ಒತ್ತಡ ಇಳಿಸಿ ತೋರಿಸುತ್ತಿದ್ದರು, ಆದರೆ ಆ ಪಥ್ಯವನ್ನು ತಿಂಗಳುಗಟ್ಟಲೆ ಪಾಲಿಸುವುದು ಬಹಳ ಕಠಿಣ. ಇದಕ್ಕೆಲ್ಲ ಮಿಗಿಲಾಗಿ, ಬಿರುಸಾದ ರಕ್ತನಾಳಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಬೇಕೇ ಬೇಕು, ಅದನ್ನು ಕೆಣಕಬಾರದು ಎಂಬ ನಂಬಿಕೆ ಆ ಕಾಲದ ದೊಡ್ಡ ದೊಡ್ಡ ಹೃದ್ರೋಗ ತಜ್ಞರಲ್ಲೂ ಇತ್ತು.

ತಪ್ಪು ಎನ್ನಬಹುದಾದದ್ದು ಬೇರೆ ಇದೆ. ರೋಗಿಗೆ ರೋಗ ಏನೆಂದು ಯಾರೂ ಹೇಳಲಿಲ್ಲ. ಬ್ರೂಯೆನ್ ಪದೇಪದೇ ಬಂದು ಒತ್ತಡ ನೋಡುತ್ತಿದ್ದರೂ, ಇಸಿಜಿ ತೆಗೆಯುತ್ತಿದ್ದರೂ ಏಕೆಂದು ರೂಸ್‌ವೆಲ್ಟ್ ಕೇಳಲಿಲ್ಲ. ಜನರಿಗೆ ಮೆಕಿಂಟೈರ್ ಹೇಳುತ್ತ ಬಂದದ್ದು, ವಯಸ್ಸಿಗೆ ತಕ್ಕ ಹಾಗೆ ಅಧ್ಯಕ್ಷರ ಆರೋಗ್ಯ ಚೆನ್ನಾಗಿದೆ ಎಂದು. ತನ್ನ ಅಂಕಿ ಗೊತ್ತಿಲ್ಲದ ರೋಗಿ ಉಪ್ಪನ್ನೋ ಸಿಗರೇಟನ್ನೋ ದುಡಿಮೆಯನ್ನೋ ಯಾವ ಕಾರಣಕ್ಕೆ ಬಿಡಬೇಕು?

ಕೊನೆಯ ಎಂಟು ತಿಂಗಳು

1944ರ ಆಗಸ್ಟ್ 12ರಂದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಬಂದರಿನಲ್ಲಿ, ಯುದ್ಧನೌಕೆಯ ಮೇಲೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿ ನಿಂತು ಭಾಷಣ ಮಾಡುವಾಗ ಎದೆಯಲ್ಲಿ ನೋವು ಕಾಣಿಸಿ ಎರಡೂ ಭುಜಗಳಿಗೆ ಹರಡಿತು. ಭಾಷಣ ನಿಲ್ಲಿಸಲಿಲ್ಲ. ನೋವು ತಾನಾಗಿ ಇಳಿಯಿತು. ಆಮೇಲೆ ತೆಗೆದ ಇಸಿಜಿಯಲ್ಲಿ ಹೃದಯಾಘಾತದ ಹೊಸ ಗುರುತು ಇರಲಿಲ್ಲ. ಇದು ಆಂಜೈನಾ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಬರುವ ಎದೆನೋವು. ಒಳಪದರದ ಹಸಿವು ಹೊರಗೆ ಕಾಣಿಸಿಕೊಂಡಿತ್ತು. ಆ ನವೆಂಬರಿನಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಒಮ್ಮೆ ಒತ್ತಡ 260/150 ಮುಟ್ಟಿತು, ಸರಾಸರಿ ಸುಮಾರು 187.

1945ರ ಫೆಬ್ರವರಿ 4ರಿಂದ 11ರವರೆಗೆ ಯಾಲ್ಟಾ ಸಮ್ಮೇಳನ. 8ರಂದು ಪೋಲೆಂಡ್ ಕುರಿತ ಬಿಸಿ ಚರ್ಚೆ ಮುಗಿಸಿ ಬಂದ ರೋಗಿಯಲ್ಲಿ ಬ್ರೂಯೆನ್ ಹೊಸ ಲಕ್ಷಣ ಕಂಡರು: ಪಲ್ಸಸ್ ಆಲ್ಟರ್ನನ್ಸ್. ತಾಳ ತಪ್ಪದೆ ಬಡಿಯುವ ನಾಡಿಯಲ್ಲಿ ಒಂದು ಬಡಿತ ಬಲವಾಗಿ, ಮುಂದಿನದು ಕ್ಷೀಣವಾಗಿ, ಮತ್ತೆ ಬಲವಾಗಿ ಬರುವುದು. ಇದನ್ನು ಹಿಡಿಯಲು ಯಂತ್ರ ಬೇಕಿಲ್ಲ. ಒತ್ತಡ ಅಳೆಯಲು ತೋಳಿಗೆ ಕಟ್ಟಿದ ಪಟ್ಟಿಯ ಗಾಳಿಯನ್ನು ತೀರಾ ನಿಧಾನವಾಗಿ ಬಿಡುತ್ತ ಸ್ಟೆತಾಸ್ಕೋಪಿನಲ್ಲಿ ಕೇಳಿದರೆ ಮೊದಲು ಒಂದು ಬಿಟ್ಟು ಒಂದು ಬಡಿತ ಮಾತ್ರ ಕೇಳಿಸುತ್ತದೆ, ಇನ್ನಷ್ಟು ಇಳಿಸಿದಾಗ ಬಡಿತಗಳ ಸಂಖ್ಯೆ ಥಟ್ಟನೆ ಎರಡು ಪಟ್ಟಾಗುತ್ತದೆ. ಗಾಳಿ ಬೇಗ ಬಿಟ್ಟರೆ ತಪ್ಪಿಹೋಗುತ್ತದೆ. ನಾವು ಬಳಸುವ ಸ್ವಯಂಚಾಲಿತ ಡಿಜಿಟಲ್ ಯಂತ್ರ ಇದನ್ನು ತೋರಿಸುವುದೇ ಇಲ್ಲ. ಸ್ನಾಯು ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಅನ್ನು ಹಿಂದಕ್ಕೆ ಸಂಗ್ರಹಿಸಿ ಸಿದ್ಧವಾಗಬೇಕು. ದಣಿದ ಸ್ನಾಯು ಒಂದು ಬಡಿತಕ್ಕೆ ಸಿದ್ಧವಾದರೆ ಮುಂದಿನದಕ್ಕೆ ಆಗುವುದಿಲ್ಲ. ಎಡ ಹೃತ್ಕುಕ್ಷಿ ಕಡೇ ಅಂಚಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಂಭೀರ ಲಕ್ಷಣಗಳು ಹೆಚ್ಚಿಲ್ಲ. ಭೇಟಿಗಳನ್ನು ಕಡಿತಗೊಳಿಸಿ ವಿಶ್ರಾಂತಿ ಕೊಟ್ಟ ಮೇಲೆ ಎರಡು ದಿನದಲ್ಲಿ ಅದು ಮಾಯವಾಯಿತು.

1945ರ ಏಪ್ರಿಲ್ 12ರ ಮಧ್ಯಾಹ್ನ, ವಾರ್ಮ್ ಸ್ಪ್ರಿಂಗ್ಸ್‌ನ ಮನೆಯಲ್ಲಿ ಕಾಗದಪತ್ರ ನೋಡುತ್ತ ಕೂತಿದ್ದವರು ತಲೆಯ ಹಿಂಭಾಗದಲ್ಲಿ ಅಸಾಧ್ಯ ನೋವು ಎಂದು ಕುಸಿದರು. ಬ್ರೂಯೆನ್ ಬಂದು ಅಳೆದಾಗ ಒತ್ತಡದ ಮೇಲಿನ ಅಂಕಿ 300ಕ್ಕಿಂತ ಮೇಲೆ, ಕೆಳಗಿನದು 190. ಬಲಗಣ್ಣಿನ ಪಾಪೆ ಹಿಗ್ಗಿತು. ರಕ್ತನಾಳ ಸಡಿಲಿಸಲು ಪಪಾವರಿನ್, ಅಮೈಲ್ ನೈಟ್ರೈಟ್ ಕೊಟ್ಟರು. 3 ಗಂಟೆ 35 ನಿಮಿಷಕ್ಕೆ ಮಿದುಳಿನ ರಕ್ತಸ್ರಾವದಿಂದ ಪ್ರಾಣ ಹೋಯಿತು. ಸಾವು ಮಿದುಳಿನಿಂದ ಬಂದರೂ ಕಾರಣ ಅದೇ ಒತ್ತಡ. ಹೃದಯ ಇನ್ನೂ ಅಷ್ಟು ಬಲವಾಗಿ ತಳ್ಳಬಲ್ಲುದಾಗಿತ್ತು, ಮಿದುಳಿನ ಸಣ್ಣ ಅಪಧಮನಿಗಳ ಗೋಡೆ ಅದನ್ನು ತಾಳಲಿಲ್ಲ.

ಇದೇ ರೋಗಿ ಇಂದು ಬಂದರೆ

1948ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಹೃದಯ ಕಾಯಿದೆ ಬಂತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್ ಊರಿನ 5,209 ಜನರ ಅಧ್ಯಯನ ಶುರುವಾಯಿತು. ಏರು ಒತ್ತಡವೇ ಹೃದಯ ವೈಫಲ್ಯಕ್ಕೆ ಮುಖ್ಯ ದಾರಿ ಎಂದು ತೋರಿಸಿದ ಅಧ್ಯಯನ ಅದು. 1950ರ ದಶಕದ ಕೊನೆಗೆ ಒತ್ತಡ ಇಳಿಸುವ ಕ್ಲೋರೊಥಯಜೈಡ್ ಮಾತ್ರೆ ಬಂತು. 1967ರಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ, ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರ ಮೇಲಿನ ಪ್ರಯೋಗದ ಫಲ ಹೊರಬಂತು. ಹುಸಿ ಮಾತ್ರೆ ಪಡೆದವರಲ್ಲಿ 27 ಗಂಭೀರ ಘಟನೆಗಳಾದರೆ ಔಷಧ ಪಡೆದವರಲ್ಲಿ ಎರಡು. "ಕೆಣಕಬಾರದು" ಎಂಬ ವಾದ ಅಲ್ಲಿಗೆ ಮುಗಿಯಿತು.

1937ರ 162/98 ಅಂಕಿಯ ರೋಗಿ ಇಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕ್ಲಿನಿಕ್ಕಿಗೆ ಬಂದರೆ ಮೊದಲು ಸರಿಯಾಗಿ ಅಳೆಯಬೇಕು. ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳು ಹೃದಯದ ಮಟ್ಟದಲ್ಲಿರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ ಆಗಿರಬಾರದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಇನ್ನೊಂದು ದಿನವೂ ಇಷ್ಟೇ ಬಂದರೆ ಸಾಮಾನ್ಯವಾಗಿ ಎರಡು ಔಷಧಗಳಿಂದಲೇ ಆರಂಭ, ಉದಾಹರಣೆಗೆ ಟೆಲ್ಮಿಸಾರ್ಟನ್ 40 ಮತ್ತು ಆಮ್ಲೊಡಿಪಿನ್ 5 ಮಿಲಿಗ್ರಾಂ. ತಾಳಿಕೊಳ್ಳುವವರಲ್ಲಿ ಗುರಿ 130/80ರ ಕೆಳಗೆ. ಸಾಲದಿದ್ದರೆ ಕ್ಲೋರ್‌ಥ್ಯಾಲಿಡೋನ್‌ನಂಥ ಮೂತ್ರವರ್ಧಕ, ಅದಕ್ಕೂ ಬಗ್ಗದಿದ್ದರೆ ಸ್ಪೈರೊನೊಲ್ಯಾಕ್ಟೋನ್. ಇವುಗಳ ಜೊತೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ), ಪೊಟ್ಯಾಸಿಯಂ ನೋಡುತ್ತಿರಬೇಕು. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಎರಡೂ ಕೂಡಿದರೆ ಪೊಟ್ಯಾಸಿಯಂ ಏರಬಹುದು. ಉಪ್ಪು ಒಟ್ಟು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಸುಮಾರು ಒಂದು ಟೀ ಚಮಚ. ಅದರಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಿತು. ಇಸಿಜಿ, ಮೂತ್ರದ ಪ್ರೋಟೀನ್ ಎಲ್ಲರಿಗೂ ನೋಡಬೇಕು. ಇಸಿಜಿಯಲ್ಲಿ ಅನುಮಾನ ಬಂದರೆ ಎಕೋ.

1944ರ ಮಾರ್ಚಿನ ಸ್ಥಿತಿಯಲ್ಲಿ, ಶ್ವಾಸಕೋಶದಲ್ಲಿ ನೀರಿನೊಂದಿಗೆ ಬಂದರೆ, ಆಸ್ಪತ್ರೆಗೆ ಸೇರಿಸಿ ಮೂತ್ರವರ್ಧಕ ಫ್ಯೂರೊಸೆಮೈಡ್ ಇಂಜೆಕ್ಷನ್, ಬೇಕಾದರೆ ನೈಟ್ರೋಗ್ಲಿಸರಿನ್, ಆಮ್ಲಜನಕ. ಎಕೋದಲ್ಲಿ ಸಂಕೋಚನ ಕುಗ್ಗಿದ್ದರೆ ನಾಲ್ಕು ಗುಂಪಿನ ಔಷಧಗಳನ್ನು ಬೇಗ ಶುರುಮಾಡುತ್ತಾರೆ: ರಾಮಿಪ್ರಿಲ್ ಅಥವಾ ಸಕುಬಿಟ್ರಿಲ್ ಸೇರಿದ ವಲ್ಸಾರ್ಟನ್, ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್‌ನಂಥದ್ದು. ಡಿಗಾಕ್ಸಿನ್ ಈಗ ಹಿಂದಿನ ಸಾಲಿಗೆ ಸರಿದಿದೆ.

ಅವಸರದಿಂದ ಕೆಡುವುದೂ ಉಂಟು. ವರ್ಷಗಟ್ಟಲೆ ಹೆಚ್ಚಿನ ಒತ್ತಡಕ್ಕೆ ಒಗ್ಗಿದ ಮಿದುಳಿನ ರಕ್ತನಾಳಗಳು ಥಟ್ಟನೆ 120ಕ್ಕೆ ಇಳಿಸಿದರೆ ಹರಿವು ಕಾಯ್ದುಕೊಳ್ಳಲಾರವು. ತುರ್ತು ಸ್ಥಿತಿಯಲ್ಲೂ ಮೊದಲ ಗಂಟೆಯಲ್ಲಿ ಸರಾಸರಿ ಒತ್ತಡವನ್ನು ಕಾಲು ಭಾಗಕ್ಕಿಂತ ಹೆಚ್ಚು ಇಳಿಸದಿರುವುದು ಸಾಮಾನ್ಯ ನಿಯಮ. ಮಹಾಪಧಮನಿ ಸೀಳಿದಂಥ ಕೆಲವು ಸಂದರ್ಭಗಳು ಮಾತ್ರ ಬೇರೆ. ಇನ್ನು ಅಂಕಿ ಸರಿಬಂತೆಂದು ಮಾತ್ರೆ ಬಿಡುವುದು. ಅಂಕಿ ಸರಿಯಿರುವುದು ಮಾತ್ರೆಯಿಂದಲೇ. ಕೆಲವು ಮಾತ್ರೆಗಳನ್ನು, ಮುಖ್ಯವಾಗಿ ಕ್ಲೊನಿಡಿನ್ ಮತ್ತು ಬೀಟಾ ಬ್ಲಾಕರ್‌ಗಳನ್ನು, ಹಠಾತ್ತನೆ ಬಿಟ್ಟರೆ ಒತ್ತಡ ಇಲ್ಲವೇ ಎದೆನೋವು ಮೊದಲಿಗಿಂತ ಜೋರಾಗಿ ಮರಳುತ್ತದೆ.

ದಪ್ಪಗಾದ ಗೋಡೆ ಮತ್ತೆ ತೆಳುವಾಗುತ್ತದೆಯೇ ಎಂದು ರೋಗಿಗಳು ಕೇಳುತ್ತಾರೆ. ಆಗುತ್ತದೆ, ನಿಧಾನವಾಗಿ. 2002ರಲ್ಲಿ ಪ್ರಕಟವಾದ ಲೈಫ್ ಪ್ರಯೋಗದಲ್ಲಿ, ಇಸಿಜಿಯಲ್ಲಿ ಎಡ ಹೃತ್ಕುಕ್ಷಿ ದಪ್ಪಗಾದ ಗುರುತಿದ್ದ 9,193 ಜನರನ್ನು ಲೊಸಾರ್ಟನ್ ಇಲ್ಲವೇ ಅಟೆನೊಲಾಲ್ ಕೊಟ್ಟು ಸರಾಸರಿ ಸುಮಾರು ಐದು ವರ್ಷ ಗಮನಿಸಿದರು. ಎರಡೂ ಗುಂಪಿನಲ್ಲಿ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಇಳಿದರೂ ಲೊಸಾರ್ಟನ್ ಪಡೆದವರಲ್ಲಿ ಆ ಗುರುತು ಹೆಚ್ಚು ಕುಗ್ಗಿತು, ಪಾರ್ಶ್ವವಾಯು ಕಡಿಮೆಯಾಯಿತು. ಸ್ನಾಯುಕೋಶ ಕುಗ್ಗುವುದಕ್ಕೆ ತಿಂಗಳುಗಳು ಸಾಕು, ನಡುವೆ ಬೆಳೆದ ನಾರು ಕರಗುವುದು ಅದಕ್ಕಿಂತ ತಡ, ಅದೂ ಭಾಗಶಃ. ಹಾಗಾಗಿ 162/98ರಲ್ಲಿ ಹಿಡಿದ ಹೃದಯಕ್ಕೂ 186/108ರಲ್ಲಿ ಚರಚರ ಸದ್ದು ಕೇಳಿಸಿದ ಮೇಲೆ ಹಿಡಿದ ಹೃದಯಕ್ಕೂ ಅದೇ ಮಾತ್ರೆ ಕೊಟ್ಟರೂ ಸಿಗುವ ಫಲ ಒಂದೇ ಅಲ್ಲ.